ಬಂದರಿನ ಲೆಕ್ಕ, ಕಡಲಿನ ಲೆಕ್ಕ



ಹಿಂದಿನ ವರ್ಷ ನಮ್ಮ ದೇಶದ ಕರಾವಳಿಗೆ ಎಷ್ಟು ಮೀನು ಬಂತು ಎಂಬ ಲೆಕ್ಕವನ್ನು ಕೊಚ್ಚಿಯ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ವರ್ಷಕ್ಕೊಮ್ಮೆ ಹೊರಡಿಸುತ್ತದೆ. 2012ರಲ್ಲಿ 39 ಲಕ್ಷ ಟನ್, ಕೊರೊನಾ ಬಂದ 2020ರಲ್ಲಿ 27 ಲಕ್ಷ, 2024ರಲ್ಲಿ ಸುಮಾರು 35 ಲಕ್ಷ. ಅಂಕಿ ಏರಿದರೆ ‘ಭರ್ಜರಿ ಮೀನು’, ಇಳಿದರೆ ‘ಮತ್ಸ್ಯಕ್ಷಾಮ’ ಎಂದು ಪತ್ರಿಕೆಗಳು ಬರೆಯುತ್ತವೆ. ನಾವೂ ಹಾಗೆಯೇ ಓದುತ್ತೇವೆ. ನಮ್ಮಲ್ಲಿ ಮಾತ್ರವಲ್ಲ, ಕಡಲಿರುವ ಎಲ್ಲ ದೇಶಗಳಲ್ಲೂ ಇದೇ ರೂಢಿ.

ಈ ಓದು ತಪ್ಪು ಎಂಬುದೇ ಈ ಹೊತ್ತು ನಾನು ಹೇಳಬೇಕೆಂದಿರುವ ಮಾತು. ಬಂದರಿಗೆ ಬಂದ ಮೀನಿನ ತೂಕ ಬೇರೆ, ಕಡಲಿನಲ್ಲಿ ಉಳಿದ ಮೀನಿನ ಪ್ರಮಾಣ ಬೇರೆ. ಬಾವಿಯಿಂದ ದಿನಕ್ಕೆ ಐವತ್ತು ಕೊಡ ನೀರು ಸೇದಿದೆವು ಎಂದು ಬರೆದಿಟ್ಟರೆ ಸಾಲದು. ಹೋದ ವರ್ಷಕ್ಕಿಂತ ಹಗ್ಗ ಎಷ್ಟು ಮೊಳ ಉದ್ದವಾಯಿತು ಎಂಬುದನ್ನೂ ಬರೆದಿಡಬೇಕು. ಕಳೆದ ಎಪ್ಪತ್ತು ವರ್ಷಗಳಲ್ಲಿ ಹಗ್ಗದ ಲೆಕ್ಕ ಬಿಟ್ಟು, ಕೊಡಗಳ ಲೆಕ್ಕವನ್ನೇ ನಂಬಿದ ದೇಶಗಳಿಗೆ ಏನಾಯಿತು ಎಂಬುದನ್ನು ಕೆಲವು ಕಡೆ ನಿಂತು ನೋಡೋಣ.

ಮೊದಲು ಜಗತ್ತಿನ ಒಟ್ಟು ಚಿತ್ರ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆ 1950ರಿಂದ ಪ್ರತಿ ದೇಶದ ಮೀನಿನ ಅಂಕಿಗಳನ್ನು ಒಟ್ಟುಗೂಡಿಸುತ್ತಾ ಬಂದಿದೆ. ಆಗ ಜಗತ್ತಿನಾದ್ಯಂತ ಹಿಡಿಯುತ್ತಿದ್ದ ಮೀನು ಸುಮಾರು ಎರಡು ಕೋಟಿ ಟನ್. ಯುದ್ಧ ಮುಗಿದಿತ್ತು, ಡೀಸೆಲ್ ಎಂಜಿನ್ ಬಂತು, ನೈಲಾನ್ ಬಲೆ ಬಂತು, ಮೀನಿನ ಹಿಂಡನ್ನು ಶಬ್ದದ ಅಲೆಗಳಿಂದ ಪತ್ತೆ ಮಾಡುವ ಯಂತ್ರವೂ ಬಂತು. 1996ರಲ್ಲಿ ಕಡಲಿನಿಂದ ಬಂದ ಮೀನೇ 8.6 ಕೋಟಿ ಟನ್ ದಾಟಿತು. ಅಲ್ಲಿಂದ ಈಚೆಗೆ ಅದು ಎಂಟು ಕೋಟಿಯ ಆಸುಪಾಸಿನಲ್ಲೇ ಸುಳಿದಾಡುತ್ತಿದೆ. ಬೋಟುಗಳು ಹೆಚ್ಚಾಗಿವೆ, ಎಂಜಿನ್‌ಗಳ ಶಕ್ತಿ ಹಲವು ಪಟ್ಟಾಗಿದೆ, ಮೀನು ಮಾತ್ರ ಹೆಚ್ಚಾಗಿಲ್ಲ. 2022ರಲ್ಲಿ ಮೊದಲ ಬಾರಿಗೆ, ಹಿಡಿದ ಮೀನಿಗಿಂತ ಸಾಕಿದ ಮೀನು ಮತ್ತು ಸಿಗಡಿಯ ತೂಕ ಹೆಚ್ಚಾಯಿತು. ಅದೇ ಸಂಘಟನೆಯ ಇನ್ನೊಂದು ಅಂಕಿಯನ್ನೂ ಇದರ ಪಕ್ಕದಲ್ಲಿ ಇಡಬೇಕು: ಮಿತಿಮೀರಿ ಹಿಡಿಯಲಾಗುತ್ತಿರುವ ಮೀನಿನ ಸಂತತಿಗಳು 1974ರಲ್ಲಿ ನೂರಕ್ಕೆ ಹತ್ತು ಇದ್ದವು, 2021ರ ಹೊತ್ತಿಗೆ ನೂರಕ್ಕೆ 37 ದಾಟಿದವು. ಒಟ್ಟು ತೂಕದ ಗೆರೆ ಸಮತಟ್ಟಾಗಿ ಕಾಣುತ್ತಿರುವಾಗಲೇ ಅದರ ಒಳಗೆ ಇಷ್ಟು ಸವೆತ ನಡೆದಿದೆ.

ಈಗ ಪೆರು ದೇಶಕ್ಕೆ ಬರೋಣ. ದಕ್ಷಿಣ ಅಮೆರಿಕದ ಪಶ್ಚಿಮ ದಂಡೆಯಲ್ಲಿ ಹಂಬೋಲ್ಟ್ ಎಂಬ ತಣ್ಣನೆಯ ಪ್ರವಾಹ ಹರಿಯುತ್ತದೆ. ಗಾಳಿ ಮೇಲಿನ ನೀರನ್ನು ದಂಡೆಯಿಂದ ಆಚೆಗೆ ತಳ್ಳಿದಾಗ ಆಳದ ತಂಪು ನೀರು ಸತ್ವಗಳನ್ನು ಹೊತ್ತು ಮೇಲೆ ಬರುತ್ತದೆ. ಆ ನೀರಿಗೆ ಬಿಸಿಲು ತಾಗಿದರೆ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು ಕೋಟಿಗಟ್ಟಲೆ ಹುಟ್ಟುತ್ತವೆ. ಅವನ್ನು ತಿಂದು ಬೆಳೆಯುವ ಗೇಣುದ್ದಕ್ಕೂ ಬಾರದ ಮೀನು ಆಂಚೊವೆಟಾ. ಅದನ್ನು ಕಡಲಹಕ್ಕಿಗಳು ತಿನ್ನುತ್ತಿದ್ದವು, ಹಕ್ಕಿಗಳ ಹಿಕ್ಕೆ ದ್ವೀಪಗಳ ಮೇಲೆ ಗುಡ್ಡವಾಗುತ್ತಿತ್ತು, ಆ ಹಿಕ್ಕೆಯನ್ನೇ ಗ್ವಾನೋ ಗೊಬ್ಬರವೆಂದು ಮಾರಿ ಪೆರು ಹತ್ತೊಂಬತ್ತನೇ ಶತಮಾನದಲ್ಲಿ ಹಣ ಮಾಡಿತ್ತು. 1950ರ ದಶಕದಲ್ಲಿ ಹಕ್ಕಿಯನ್ನು ಬಿಟ್ಟು ನೇರವಾಗಿ ಮೀನಿಗೇ ಕೈ ಹಾಕಿದರು. ಮೀನನ್ನು ಬೇಯಿಸಿ, ಹಿಂಡಿ, ಒಣಗಿಸಿ ಪುಡಿ ಮಾಡಿ, ಯುರೋಪ್ ಮತ್ತು ಅಮೆರಿಕದ ಕೋಳಿ, ಹಂದಿಗಳಿಗೆ ಮೇವಾಗಿ ಕಳುಹಿಸಿದರು. ಒಂದು ಕಿಲೋ ಪುಡಿಗೆ ನಾಲ್ಕೈದು ಕಿಲೋ ಹಸಿ ಮೀನು ಬೇಕು. ಚಿಂಬೋಟೆ ಎಂಬ ಪುಟ್ಟ ಬಂದರು ಮೀನುಹುಡಿ ಕಾರ್ಖಾನೆಗಳ ಹೊಗೆಯಲ್ಲಿ ಮುಳುಗಿ ನಗರವಾಗಿ ಬೆಳೆಯಿತು.

1970ರಲ್ಲಿ ಪೆರು ಸುಮಾರು 1.2 ಕೋಟಿ ಟನ್ ಮೀನು ಹಿಡಿಯಿತು. ಆ ವರ್ಷ ಜಗತ್ತಿನಲ್ಲಿ ಹಿಡಿದ ಮೀನಿನ ಐದರಲ್ಲಿ ಒಂದು ಪಾಲಿನ ಹತ್ತಿರ, ಒಂದೇ ದೇಶದ್ದು, ಬಹುಪಾಲು ಒಂದೇ ಜಾತಿಯದು. ವರ್ಷಕ್ಕೆ 95 ಲಕ್ಷ ಟನ್ ದಾಟಬೇಡಿ ಎಂದು ವಿಜ್ಞಾನಿಗಳು ಹೇಳಿದ್ದರು. ಆದರೆ ಹೂಡಿದ ಬಂಡವಾಳ ಅಷ್ಟಕ್ಕೆ ನಿಲ್ಲುವಂತಿರಲಿಲ್ಲ. 1972ರಲ್ಲಿ ಎಲ್ ನಿನೋ ಬಂತು. ಬೆಚ್ಚನೆಯ ನೀರು ದಂಡೆಗೆ ಹರಡಿ, ಆಳದಿಂದ ಮೇಲೇಳುವ ಸತ್ವ ನಿಂತಿತು. ಅಳಿದುಳಿದ ಮೀನು ದಂಡೆಗಂಟಿದ ತಂಪು ನೀರಿನ ಸಣ್ಣ ಪಟ್ಟಿಯಲ್ಲಿ ಒತ್ತೊತ್ತಾಗಿ ಸೇರಿಕೊಂಡಿತು. ಅಲ್ಲಿ ಬಲೆ ಬೀಸಿದವರಿಗೆ ಮೊದಮೊದಲು ಹಿಂದೆಂದಿಗಿಂತ ಸುಲಭವಾಗಿ ಮೀನು ಸಿಕ್ಕಿತು. ಸಂತತಿ ಕುಸಿಯುತ್ತಿದ್ದ ಹೊತ್ತಿನಲ್ಲೇ ಬಲೆ ತುಂಬುತ್ತಿತ್ತು. 1973ರಲ್ಲಿ ಬಂದ ಆಂಚೊವೆಟಾ 20 ಲಕ್ಷ ಟನ್ನಿಗೂ ಕಡಿಮೆ.

ಪೆರುವಿನ ಮೀನು ನಿಂತದ್ದರ ಬಿಸಿ ದೂರದೂರಕ್ಕೆ ತಟ್ಟಿತು. ಮೀನುಹುಡಿ ಸಿಗದೆ ಪಶುಆಹಾರದವರು ಸೋಯಾ ಅವರೆಗೆ ಮುಗಿಬಿದ್ದರು, ಬೆಲೆ ಗಗನಕ್ಕೇರಿತು, 1973ರ ಜೂನ್‌ನಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಸರ್ಕಾರ ಸೋಯಾ ರಫ್ತನ್ನೇ ಕೆಲಕಾಲ ತಡೆಯಿತು. ಪೆರುವಿನ ಆಂಚೊವೆಟಾ ಚೇತರಿಸಿಕೊಳ್ಳಲು ತೊಂಬತ್ತರ ದಶಕದವರೆಗೆ ಕಾಯಬೇಕಾಯಿತು. 2009ರಿಂದ ಅಲ್ಲಿ ಪ್ರತಿ ಹಡಗಿಗೂ ಇಷ್ಟೇ ಎಂದು ಪಾಲು ಗೊತ್ತು ಮಾಡಿದ್ದಾರೆ. 2023ರಲ್ಲಿ ಮತ್ತೆ ಎಲ್ ನಿನೋ ಬಂದಾಗ, ಬಲೆಗೆ ಬರುತ್ತಿರುವುದು ಬಹುತೇಕ ಮರಿಗಳೇ ಎಂದು ಕಂಡು, ವರ್ಷದ ಮೊದಲ ಹಂಗಾಮನ್ನೇ ಕೈಬಿಟ್ಟರು. ಆ ವರ್ಷ ಪೆರುವಿನ ಅಂಕಿ ಬಿತ್ತು. ಆ ಬೀಳುವಿಕೆಯನ್ನು ನಾನು ಸೋಲೆಂದು ಓದಲಾರೆ. 1972ರಲ್ಲಿ ಮಾಡದೆ ಬಿಟ್ಟ ಕೆಲಸವನ್ನು ಐವತ್ತು ವರ್ಷಗಳ ಮೇಲೆ ಮಾಡಿದ್ದರ ಫಲ ಅದು.

ಇಲ್ಲಿ ಒಂದು ಮಾತು ಸೇರಿಸಬೇಕು. ಇಂಥ ಸಣ್ಣ ಮೀನುಗಳು ಮನುಷ್ಯ ಕೈಹಾಕದಿದ್ದರೂ ಏರಿಳಿಯುತ್ತವೆ. ಕ್ಯಾಲಿಫೋರ್ನಿಯಾದ ಸಾಂತಾ ಬಾರ್ಬರಾ ಬಳಿ ಕಡಲತಳದಲ್ಲಿ ಆಮ್ಲಜನಕ ಅತಿ ಕಡಿಮೆಯಿರುವ ಒಂದು ತಗ್ಗು ಇದೆ. ಅಲ್ಲಿ ಹುಳುಹುಪ್ಪಟೆ ಬದುಕುವುದಿಲ್ಲವಾದ್ದರಿಂದ ಕೆಸರನ್ನು ಯಾರೂ ಕದಡುವುದಿಲ್ಲ. ವರ್ಷಕ್ಕೊಂದು ಪದರದಂತೆ ಅದು ಕುಳಿತಿರುತ್ತದೆ. ಆ ಕೆಸರಿನೊಳಗೆ ಕೊಳವೆ ಇಳಿಸಿ, ತೆಗೆದ ಕಡ್ಡಿಯನ್ನು ಸೀಳಿ, ಪದರ ಪದರದಲ್ಲಿ ಸಿಕ್ಕಿದ ಮೀನಿನ ಪೊರೆಗಳನ್ನು ಎಣಿಸಿ, ಯಾವುದು ಸಾರ್ಡಿನ್‌ನದು, ಯಾವುದು ಆಂಚೊವಿಯದು ಎಂದು ಬೇರ್ಪಡಿಸಿದ್ದಾರೆ. ಒಂದೂವರೆ ಸಾವಿರ ವರ್ಷಗಳಿಗೂ ಹಿಂದಿನಿಂದ ಈ ಮೀನುಗಳು ಹಲವು ಸಲ ತುಂಬಿ, ಹಲವು ಸಲ ಇಲ್ಲವಾದದ್ದು ಆ ಪೊರೆಗಳಲ್ಲಿ ದಾಖಲಾಗಿದೆ. ಹಾಗಾಗಿ ಮೀನು ಕಡಿಮೆಯಾದಾಗಲೆಲ್ಲ ಮೀನುಗಾರನೇ ಕಾರಣ ಎನ್ನುವುದು ಅನ್ಯಾಯ. ಆದರೆ ತಾನಾಗಿ ಇಳಿಯುತ್ತಿರುವ ಸಂತತಿಯ ಮೇಲೆ ಏರುಕಾಲದ ಬಲವನ್ನೇ ಹಾಕಿದರೆ ಅದು ಏಳಲು ಹತ್ತಾರು ವರ್ಷ ಹಿಡಿಯುತ್ತದೆ. ಜಪಾನಿನ ಸಾರ್ಡಿನ್ ಎಂಬತ್ತರ ದಶಕದಲ್ಲಿ ವರ್ಷಕ್ಕೆ 40 ಲಕ್ಷ ಟನ್ ದಾಟಿ, ತೊಂಬತ್ತರ ದಶಕದಲ್ಲಿ ನೆಲಕಚ್ಚಿತು; ಆ ದೇಶದ ಒಟ್ಟು ಮೀನು ಅಲ್ಲಿಂದ ಈಚೆಗೆ ಮೂರರಲ್ಲಿ ಒಂದು ಪಾಲಿಗೆ ಇಳಿದಿದೆ. ನಮೀಬಿಯಾದಲ್ಲಿ 1968ರಲ್ಲಿ ಹದಿನಾಲ್ಕು ಲಕ್ಷ ಟನ್ ಸಾರ್ಡಿನ್ ಹಿಡಿದ ಕಡಲಿನಲ್ಲಿ ಇಂದು ಲೋಳೆಮೀನುಗಳ ರಾಜ್ಯ.

ನಾರ್ವೆಯ ಕಥೆ ನಮಗೆ ಹತ್ತಿರದ್ದು. ಅಲ್ಲಿನ ಹೆರಿಂಗ್ ಮೀನು ನಮ್ಮ ಬೂತಾಯಿಯ ಬಳಗದ್ದು. ಬಲೆಯಿಂದ ಹಿಂಡನ್ನು ಸುತ್ತುಗಟ್ಟಿ, ಅಡಿಯ ಹಗ್ಗವನ್ನು ಬಿಗಿದು, ಚೀಲದ ಬಾಯಿ ಮುಚ್ಚಿದಂತೆ ಮುಚ್ಚುವ ಪರ್ಸೀನ್ ವಿಧಾನ ಹಳೆಯದೇ. ಆದರೆ ಮೀನು ತುಂಬಿದ ಬಲೆಯನ್ನು ಮೇಲೆಳೆಯುವುದು ಕೈಯ ಕೆಲಸವಾಗಿತ್ತು. ಎಷ್ಟು ಕೈಗಳೋ ಅಷ್ಟೇ ದೊಡ್ಡ ಬಲೆ. ಐವತ್ತರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ್ದ ಕ್ರೊಯೇಷಿಯಾ ಮೂಲದ ಮೀನುಗಾರ ಮಾರಿಯೋ ಪುರಾಟಿಚ್, ಯಂತ್ರದಿಂದ ತಿರುಗುವ ದೊಡ್ಡ ರಾಟೆಯೊಂದನ್ನು ಹಡಗಿನ ತೋಳಿಗೆ ತೂಗುಹಾಕಿ ಬಲೆ ಎಳೆಯುವ ಉಪಾಯ ಕಂಡುಹಿಡಿದರು. ಈ ‘ಪವರ್ ಬ್ಲಾಕ್’ ಅರವತ್ತರ ದಶಕದ ಆರಂಭದಲ್ಲಿ ನಾರ್ವೆಗೆ ಬಂತು. 1966ರಲ್ಲಿ ಹೆರಿಂಗ್ ಇಳುವರಿ ಇಪ್ಪತ್ತು ಲಕ್ಷ ಟನ್ನಿನ ಹತ್ತಿರ ಹೋಯಿತು. ನಾಲ್ಕೇ ವರ್ಷಗಳಲ್ಲಿ ಅದು ಇಲ್ಲವೆನ್ನುವಷ್ಟಕ್ಕೆ ಇಳಿಯಿತು. ದಾಖಲೆ ಇಳುವರಿಯ ವರ್ಷ ಮತ್ತು ಸಂತತಿ ನಾಶದ ವರ್ಷ ಹೀಗೆ ಅಕ್ಕಪಕ್ಕದಲ್ಲಿ ನಿಂತಿವೆ. ನಾರ್ವೆ ಮಾಡಿದ ಒಳ್ಳೆಯ ಕೆಲಸವೆಂದರೆ, ಆಮೇಲೆ ಬಹುತೇಕ ಎರಡು ದಶಕ ಆ ಮೀನನ್ನು ಅದರ ಪಾಡಿಗೆ ಬಿಟ್ಟದ್ದು. 1983ರಲ್ಲಿ ಹುಟ್ಟಿದ ಮರಿಗಳು ಚೆನ್ನಾಗಿ ಉಳಿದವು. ಅವು ದೊಡ್ಡವಾಗುವವರೆಗೆ ಕೈ ಹಾಕಲಿಲ್ಲ. ತೊಂಬತ್ತರ ದಶಕದಲ್ಲಿ ಹೆರಿಂಗ್ ಮರಳಿ ಬಂತು.

ಇದೇ ನಾರ್ವೆ 1953ರಿಂದ ಕೇರಳದ ನೀಂಡಕರದಲ್ಲಿ ಒಂದು ಯೋಜನೆಯಡಿ ನಮ್ಮವರಿಗೆ ಎಂಜಿನ್ ಬೋಟು, ಮಂಜುಗಡ್ಡೆ, ಬೋಟು ಎಳೆದೊಯ್ಯುವ ಟ್ರಾಲ್ ಬಲೆಗಳನ್ನು ಪರಿಚಯಿಸಿತ್ತು. ಅರವತ್ತರ ದಶಕದಲ್ಲಿ ಆ ಯೋಜನೆ ಕಾರವಾರಕ್ಕೂ ಬಂತು. ಎಪ್ಪತ್ತರ ದಶಕದ ನಡುವೆ ಪರ್ಸೀನ್ ಬೋಟುಗಳು ಮಂಗಳೂರು, ಮಲ್ಪೆಗಳಲ್ಲಿ ಇಳಿದವು. ಅಲ್ಲಿಯವರೆಗೆ ನಮ್ಮ ಬೂತಾಯಿ, ಬಂಗುಡೆಗಳು ರಂಪಣಿ ಬಲೆಯ ಮೀನು. ಒಂದು ದೋಣಿ ಬಲೆ ಬಿಡುತ್ತಾ ಅರ್ಧಚಂದ್ರಾಕಾರದಲ್ಲಿ ಸುತ್ತಿ ದಡಕ್ಕೆ ಬಂದರೆ, ಊರಿನ ಹತ್ತಾರು ಜನ ಎರಡು ಸಾಲಾಗಿ ನಿಂತು ಗಂಟೆಗಟ್ಟಲೆ ಎಳೆಯುತ್ತಿದ್ದರು; ಹಗ್ಗಕ್ಕೆ ಕೈ ಹಾಕಿದವರಿಗೆಲ್ಲ ಪಾಲಿತ್ತು. ಮೀನು ದಡಕ್ಕೆ ಬಂದರಷ್ಟೇ ಈ ಬಲೆಗೆ ಕೆಲಸ. ಪರ್ಸೀನ್ ಬೋಟು ಮೀನು ಇರುವಲ್ಲಿಗೇ ಹೋಗುತ್ತದೆ. ಕೆಲವೇ ವರ್ಷಗಳಲ್ಲಿ ರಂಪಣಿ ಮೂಲೆಗೆ ಸರಿಯಿತು. ಬಂದರಿನ ಅಂಕಿಯಲ್ಲಿ ಆ ವರ್ಷಗಳು ಏರಿಕೆಯ ವರ್ಷಗಳು. ಕಡಲಿನಲ್ಲಿ ಮೀನು ಹೆಚ್ಚಾಗಿರಲಿಲ್ಲ, ಅದನ್ನು ತಲುಪುವ ತೋಳು ಉದ್ದವಾಗಿತ್ತು.

ಇಳುವರಿಯ ಅಂಕಿಯನ್ನು ನಂಬಿ ಕೆಟ್ಟ ದೇಶ ಎಂದರೆ ನನಗೆ ಮೊದಲು ನೆನಪಾಗುವುದು ಕೆನಡಾ. ಅದರ ಪೂರ್ವತುದಿಯ ನ್ಯೂಫೌಂಡ್‌ಲ್ಯಾಂಡ್ ದ್ವೀಪದವರು ಐನೂರು ವರ್ಷ ಕಾಡ್ ಎಂಬ ಮೀನನ್ನೇ ನೆಚ್ಚಿ ಬದುಕಿದವರು. ಸಣ್ಣ ದೋಣಿ, ಗಾಳ, ದಡದ ಬಲೆ. ಐವತ್ತರ ದಶಕದಲ್ಲಿ ಬ್ರಿಟನ್ನಿನ ಫೇರ್‌ಟ್ರೈ ಎಂಬ ಹಡಗು ಅಲ್ಲಿಗೆ ಬಂತು. ಹಿಂಬದಿಯ ಇಳಿಜಾರಿನಿಂದ ಬಲೆ ಎಳೆದು, ಹಡಗಿನ ಹೊಟ್ಟೆಯಲ್ಲೇ ಮೀನು ಕೊಯ್ದು, ಅಲ್ಲೇ ಹೆಪ್ಪುಗಟ್ಟಿಸಿ, ವಾರಗಟ್ಟಲೆ ಕಡಲಿನಲ್ಲೇ ಉಳಿಯಬಲ್ಲ ತೇಲುವ ಕಾರ್ಖಾನೆ ಅದು. ಸೋವಿಯತ್ ಒಕ್ಕೂಟ, ಸ್ಪೇನ್, ಪೋರ್ಚುಗಲ್, ಜರ್ಮನಿಯ ಇಂಥವೇ ಹಡಗುಗಳು ಹಿಂದೆಯೇ ಬಂದವು. 1968ರಲ್ಲಿ ಎಂಟು ಲಕ್ಷ ಟನ್ ಕಾಡ್ ಹೋಯಿತು. ಹತ್ತು ವರ್ಷಗಳಲ್ಲಿ ಅದು ಒಂದೂವರೆ ಲಕ್ಷಕ್ಕಿಂತ ಕೆಳಗಿಳಿಯಿತು.

1977ರಲ್ಲಿ ಕೆನಡಾ ಇನ್ನೂರು ಮೈಲಿ ಕಡಲನ್ನು ತನ್ನದೆಂದು ಘೋಷಿಸಿ ಹೊರಗಿನವರನ್ನು ಹೊರಗಿಟ್ಟಿತು. ಕಷ್ಟ ತೀರಿತೆಂದು ಎಲ್ಲರೂ ಭಾವಿಸಿದರು. ಸರ್ಕಾರದ ಬೆಂಬಲದಿಂದ ಕೆನಡಾದವರೇ ದೊಡ್ಡ ಟ್ರಾಲರ್‌ಗಳನ್ನು ಕಟ್ಟಿಕೊಂಡರು. ಎಂಬತ್ತರ ದಶಕದಲ್ಲಿ ಆ ಟ್ರಾಲರ್‌ಗಳಿಗೆ ಗಂಟೆಗೆ ಇಷ್ಟು ಟನ್ ಎಂಬ ಲೆಕ್ಕ ಏರುತ್ತಲೇ ಇತ್ತು. ವಿಜ್ಞಾನಿಗಳು ಅದನ್ನು ನೋಡಿ ಮೀನು ಹೆಚ್ಚುತ್ತಿದೆ ಎಂದು ಅಂದಾಜು ಮಾಡಿದರು. ಅದೇ ಹೊತ್ತಿಗೆ ದಡದ ಸಣ್ಣ ದೋಣಿಯವರು ಬೇರೆಯೇ ಹೇಳುತ್ತಿದ್ದರು: ಮೀನು ಕಡಿಮೆಯಾಗಿದೆ, ಬರುವುದೂ ಚಿಕ್ಕದು. ಅವರ ಮಾತು ಅಳತೆಯಿಲ್ಲದ ಗೊಣಗಾಟ ಎನಿಸಿತು. ಅವರ ಸಂಘ ಸ್ವತಂತ್ರ ವಿಜ್ಞಾನಿಗಳಿಂದ ವರದಿ ಬರೆಸಿತು, ನ್ಯಾಯಾಲಯಕ್ಕೂ ಹೋಯಿತು. ನಡೆದದ್ದು ಇಷ್ಟು: ಸಂತತಿ ಕುಗ್ಗಿದಂತೆ ಉಳಿದ ಕಾಡ್ ಕೆಲವೇ ಜಾಗಗಳಲ್ಲಿ ಗುಂಪುಗೂಡಿತು, ಟ್ರಾಲರ್‌ಗಳು ಶಬ್ದಯಂತ್ರದಿಂದ ನೇರ ಆ ಗುಂಪಿನ ಮೇಲೇ ಹೋದವು. ಪೆರುವಿನಲ್ಲಿ ಆದದ್ದೇ ಇಲ್ಲೂ. 1992ರ ಜುಲೈ 2ರಂದು ಮೀನುಗಾರಿಕೆ ಮಂತ್ರಿ ಜಾನ್ ಕ್ರಾಸ್ಬಿ ಕಾಡ್ ಹಿಡಿಯುವುದನ್ನೇ ನಿಲ್ಲಿಸಿದರು. ಸುಮಾರು ಮೂವತ್ತು ಸಾವಿರ ಜನರ ಕೆಲಸ ಒಂದೇ ದಿನ ಹೋಯಿತು. ಎರಡು ವರ್ಷದ ಮಟ್ಟಿಗೆ ಎಂದು ಹೇಳಿದ ನಿಷೇಧ ಮೂವತ್ತೆರಡು ವರ್ಷ ನಡೆಯಿತು. 2024ರಲ್ಲಿ ಅದನ್ನು ತೆರೆದಾಗ ಕೊಟ್ಟ ಮಿತಿ 18 ಸಾವಿರ ಟನ್. ಎಂಟು ಲಕ್ಷದ ಪಕ್ಕದಲ್ಲಿ ಈ ಅಂಕಿಯನ್ನು ಇಟ್ಟು ನೋಡಿ.

ಈ ನಡುವೆ ಕಾಡ್ ಇಲ್ಲದ ಆ ಕಡಲಿನಲ್ಲಿ ಏಡಿ, ಸಿಗಡಿ ಹೆಚ್ಚಿದವು. ಅವುಗಳ ಬೆಲೆ ಹೆಚ್ಚು. ಕೆಲವೇ ವರ್ಷಗಳಲ್ಲಿ ದ್ವೀಪದ ಮೀನುಗಾರಿಕೆಯ ಹಣದ ಮೊತ್ತ ಕಾಡ್ ಕಾಲದ್ದನ್ನೂ ಮೀರಿತು. ಆ ಮೊತ್ತವನ್ನಷ್ಟೇ ನೋಡಿದವರಿಗೆ ಅಲ್ಲಿ ಏನೂ ಆಗಿಲ್ಲವೆಂದೇ ಅನಿಸಬೇಕು. ಆದರೆ ಏಡಿಯ ಪರವಾನಗಿ ಸಿಕ್ಕಿದ್ದು ಕೆಲವರಿಗೆ. ಉಳಿದವರು ಮನೆಗೆ ಬೀಗ ಹಾಕಿ ಒಳನಾಡಿಗೆ ಕೆಲಸ ಹುಡುಕಿ ಹೋದರು.

ಇನ್ನು ಚೀನಾ. ಇಂದು ಅತಿ ಹೆಚ್ಚು ಮೀನು ಹಿಡಿಯುವ ದೇಶ ಅದು; ಇಂಡೋನೇಷ್ಯಾ, ಭಾರತ, ಪೆರು, ರಷ್ಯಾ, ಅಮೆರಿಕ ಅದರ ಹಿಂದೆ ಬರುತ್ತವೆ. ತೊಂಬತ್ತರ ದಶಕದಲ್ಲಿ ಚೀನಾದ ಅಂಕಿ ವರ್ಷದಿಂದ ವರ್ಷಕ್ಕೆ ಜಿಗಿಯುತ್ತಿತ್ತು. ಉತ್ಪಾದನೆ ಏರಿದ್ದನ್ನು ತೋರಿಸಿದ ಅಧಿಕಾರಿಗೆ ಬಡ್ತಿ ಸಿಗುವ ವ್ಯವಸ್ಥೆಯಲ್ಲಿ ಅಂಕಿ ಏರುವುದು ಸಹಜವೇ. 2001ರಲ್ಲಿ ರೆಗ್ ವಾಟ್ಸನ್ ಮತ್ತು ಡೇನಿಯಲ್ ಪೌಲಿ ಎಂಬ ವಿಜ್ಞಾನಿಗಳು ಚೀನಾದ ಕಡಲುಗಳ ಗುಣವನ್ನು ಅಳೆದು, ಅಷ್ಟು ಮೀನು ಅಲ್ಲಿ ಸಿಗುವುದು ಸಾಧ್ಯವೇ ಇಲ್ಲ ಎಂದು ತೋರಿಸಿದರು. ಚೀನಾದ ಉಬ್ಬಿದ ಅಂಕಿಯನ್ನು ತೆಗೆದರೆ ಜಗತ್ತಿನ ಇಳುವರಿ ಎಂಬತ್ತರ ದಶಕದ ಕೊನೆಯಿಂದಲೇ ಇಳಿಯುತ್ತಿತ್ತು. ಮುಂದೆ ಚೀನಾವೇ 2006ರ ತನ್ನ ಒಟ್ಟು ಮೀನು ಉತ್ಪಾದನೆಯ ಅಂಕಿಯನ್ನು ನೂರಕ್ಕೆ 13ರಷ್ಟು ಇಳಿಸಿಕೊಂಡಿತು. ಪೌಲಿ ಮತ್ತು ಡರ್ಕ್ ಜೆಲ್ಲರ್ 2016ರಲ್ಲಿ ಇನ್ನೊಂದು ದಿಕ್ಕಿನ ತಪ್ಪನ್ನು ಎತ್ತಿ ತೋರಿಸಿದರು. ಬಡ ದೇಶಗಳ ಸಣ್ಣ ದೋಣಿಯವರ ಮೀನು, ಮನೆಬಳಕೆಗೆ ಹಿಡಿದದ್ದು, ಬೇಡವೆಂದು ಕಡಲಿಗೇ ಎಸೆದದ್ದು ಯಾವ ಸರ್ಕಾರದ ಪುಸ್ತಕದಲ್ಲೂ ಇಲ್ಲ. ಅದನ್ನೆಲ್ಲ ಸೇರಿಸಿದರೆ 1996ರ ಶಿಖರ ಹದಿಮೂರು ಕೋಟಿ ಟನ್, ಅಲ್ಲಿಂದ ಈಚಿನ ಇಳಿತವೂ ಸರ್ಕಾರಿ ಅಂಕಿಗಿಂತ ಕಡಿದು ಎಂದು ಅವರ ಲೆಕ್ಕ. ಈ ಅಂದಾಜನ್ನು ಒಪ್ಪದ ವಿಜ್ಞಾನಿಗಳೂ ಇದ್ದಾರೆ. ಆದರೆ ಪುಸ್ತಕಕ್ಕೆ ಏರದ ಮೀನು ಬಹಳಷ್ಟಿದೆ ಎಂಬುದು ನಮ್ಮ ಕರಾವಳಿಯಲ್ಲಿ ಒಂದು ಬೆಳಿಗ್ಗೆ ನಿಂತು ನೋಡಿದವರಿಗೆ ತಿಳಿಯುತ್ತದೆ.

ಹೀಗೆ ನಮ್ಮ ಕಡಲಿನ ಸಾರ್ಡಿನ್ ಆದ ಬೂತಾಯಿಗೆ ಬಂದೆವು. ಕೇರಳದವರ ಮತ್ತಿ, ಕಾರವಾರದ ಕಡೆಯ ತಾರ್ಲೆ. ಬಡವರ ಸಾರಿಗೂ ಶ್ರೀಮಂತರ ಪುಳಿಮುಂಚಿಗೂ ಆಗುವ ಮೀನು. ಒಂದು ಕಾಲಕ್ಕೆ ಇದರ ಎಣ್ಣೆಯನ್ನು ದೋಣಿಗೆ ಬಳಿಯುತ್ತಿದ್ದರು, ಹೆಚ್ಚಾದ ಮೀನನ್ನು ತೆಂಗಿನ ಬುಡಕ್ಕೆ ಹಾಕುತ್ತಿದ್ದರು. ಮದ್ರಾಸ್ ಪ್ರಾಂತ್ಯದ ಮೀನುಗಾರಿಕಾ ಅಧಿಕಾರಿ ಜೇಮ್ಸ್ ಹಾರ್ನೆಲ್ ನೂರು ವರ್ಷಗಳ ಹಿಂದೆಯೇ ಇದು ಕೆಲವು ವರ್ಷ ತುಂಬಿ ಬಂದು ಕೆಲವು ವರ್ಷ ಮಾಯವಾಗುವುದನ್ನು ಗುರುತಿಸಿದ್ದರು. ಕೇರಳದಲ್ಲಿ 2012ರಲ್ಲಿ ಸುಮಾರು ನಾಲ್ಕು ಲಕ್ಷ ಟನ್ ಬಂದ ಮತ್ತಿ 2021ರಲ್ಲಿ 3,297 ಟನ್ನಿಗೆ ಇಳಿಯಿತು. ಎರಡೇ ವರ್ಷಗಳಲ್ಲಿ ಮತ್ತೆ ಲಕ್ಷ ದಾಟಿತು. ಮಳೆ, ನೀರಿನ ಬಿಸಿ, ಎಲ್ ನಿನೋ ಎಲ್ಲವೂ ಈ ಏರಿಳಿತದಲ್ಲಿ ಸೇರಿವೆ. ಮನುಷ್ಯನ ಕೈಯಲ್ಲಿರುವುದು ಒಂದೇ: ಅದು ಇಳಿದಿರುವಾಗ ಮರಿಗಳನ್ನು ಬಿಡುವುದು.

ನಾವು ಬಿಡುತ್ತಿಲ್ಲ. ಟ್ರಾಲ್ ಬೋಟು ಬಂದರಿಗೆ ಬಂದಾಗ ಮೊದಲು ಇಳಿಯುವುದು ಮಂಜುಗಡ್ಡೆಯಲ್ಲಿಟ್ಟ ಅಂಜಲ್, ಮಾಂಜಿ, ಬೊಂಡಾಸ್. ಬುಟ್ಟಿ ಬುಟ್ಟಿಯಾಗಿ ಏಲಂ ಕೂಗಿ ಅವು ಹೋಗುತ್ತವೆ. ಆಮೇಲೆ ಮಂಜುಗಡ್ಡೆ ಕಾಣದೆ ಮೆತ್ತಗಾದ ಬೂದುಬಣ್ಣದ ರಾಶಿ. ಅದರಲ್ಲಿ ಬೆರಳುದ್ದದ ಬಂಗುಡೆ ಮರಿ, ಕೊಡ್ಡಾಯಿ ಮರಿ, ಸಣ್ಣ ಏಡಿ, ಹೆಸರಿಡಲಾಗದಷ್ಟು ನಜ್ಜುಗುಜ್ಜಾದವು. ಅದನ್ನು ಸಲಿಕೆಯಲ್ಲಿ ತುಂಬುತ್ತಾರೆ. ಹಿಂದೆ ಕಡಲಿಗೇ ಎಸೆಯುತ್ತಿದ್ದ ಈ ರಾಶಿಗೆ ಈಗ ಬೆಲೆಯಿದೆ. ಲಾರಿಯಲ್ಲಿ ಅದು ಫಿಶ್‌ಮೀಲ್ ಕಾರ್ಖಾನೆಗೆ ಹೋಗುತ್ತದೆ. ಉಳ್ಳಾಲದಿಂದ ಉತ್ತರಕ್ಕೆ ನಮ್ಮ ಕರಾವಳಿಯಲ್ಲಿ ಅಂಥ ಕಾರ್ಖಾನೆಗಳು ಹಲವಿವೆ. ಹುಡಿ, ಎಣ್ಣೆ ಹೊರದೇಶಕ್ಕೂ, ನಮ್ಮದೇ ಸಿಗಡಿ ಸಾಕಣೆಯ ಕೊಳಗಳಿಗೂ ಹೋಗುತ್ತವೆ. ಚಿಂಬೋಟೆಯ ಉದ್ಯಮ ನಮ್ಮ ಹಿತ್ತಲಿಗೇ ಬಂದಿದೆ. ಒಂದು ವ್ಯತ್ಯಾಸ: ಪೆರುವಿನವರು ಪುಡಿ ಮಾಡಿದ್ದು ಮುಖ್ಯವಾಗಿ ಒಂದು ಜಾತಿಯ ಮೀನನ್ನು. ನಾವು ಹತ್ತಾರು ಜಾತಿಗಳ ಮರಿಗಳನ್ನು ಒಟ್ಟಿಗೆ ಪುಡಿ ಮಾಡುತ್ತಿದ್ದೇವೆ. ವರ್ಷದ ಲೆಕ್ಕದಲ್ಲಿ ಆ ಮರಿಗಳ ತೂಕವೂ ಇಳುವರಿಗೆ ಸೇರಿ ಅಂಕಿಯನ್ನು ಏರಿಸುತ್ತದೆ. ನನಗೆ ಸಂಕಟವಾಗುವುದು ಇಲ್ಲಿ.

ಕೊಚ್ಚಿಯ ಸಂಸ್ಥೆಯ ಸಿಬ್ಬಂದಿ ಗೊತ್ತುಪಡಿಸಿದ ದಿನಗಳಲ್ಲಿ ಗೊತ್ತುಪಡಿಸಿದ ಬಂದರುಗಳಿಗೆ ಹೋಗಿ, ಎಷ್ಟು ಬೋಟು ಬಂದವು ಎಂದು ಎಣಿಸಿ, ಕೆಲವನ್ನು ಆರಿಸಿ, ಜಾತಿವಾರು ತೂಕ ಬರೆದುಕೊಳ್ಳುತ್ತಾರೆ. ಎಷ್ಟು ಗಂಟೆ ಬಲೆ ಹಾಕಿದ್ದರು ಎಂದು ಕೇಳುತ್ತಾರೆ, ಮೀನಿನ ಉದ್ದ ಅಳೆಯುತ್ತಾರೆ. ಅಂದರೆ ನಾನು ಆರಂಭದಲ್ಲಿ ಹೇಳಿದ ಹಗ್ಗದ ಲೆಕ್ಕವೂ ಅವರಲ್ಲಿದೆ. ಪತ್ರಿಕೆಗೆ ಬರುವುದು ಮಾತ್ರ ಒಟ್ಟು ಟನ್. ಮುಂದಿನ ಸಲ ಆ ಸುದ್ದಿ ಬಂದಾಗ ಟನ್ನಿನ ಪಕ್ಕದಲ್ಲಿ ಇನ್ನೆರಡು ಅಂಕಿ ಕೇಳೋಣ: ಒಂದು ಗಂಟೆಯ ಮೀನುಗಾರಿಕೆಗೆ ಎಷ್ಟು ಕಿಲೋ ಬಂತು (ಕೆನಡಾದಲ್ಲಿ ಆದಂತೆ ದೊಡ್ಡ ಬೋಟಿನ ಲೆಕ್ಕವೊಂದನ್ನೇ ನಂಬದೆ, ಸಣ್ಣ ದೋಣಿಯದನ್ನೂ ಸೇರಿಸಿ), ಬಂದ ಬೂತಾಯಿ, ಬಂಗುಡೆಗಳಲ್ಲಿ ಒಮ್ಮೆಯಾದರೂ ಮೊಟ್ಟೆಯಿಟ್ಟವು ಎಷ್ಟು. ಕೇರಳ 2015ರಲ್ಲಿ ಮತ್ತಿಗೆ ಹತ್ತು ಸೆಂಟಿಮೀಟರಿನ ಕನಿಷ್ಠ ಅಳತೆ ಗೊತ್ತು ಮಾಡಿತು. ಇಂಥ ಅಳತೆ ಬೋಟಿನವನಿಗೆ ಮಾತ್ರ ಅನ್ವಯಿಸಿದರೆ ಸಾಲದು, ಸಲಿಕೆಯ ರಾಶಿ ಕೊಳ್ಳುವ ಕಾರ್ಖಾನೆಯ ಗೇಟಿನಲ್ಲೂ ಅನ್ವಯಿಸಬೇಕು. ಕೊಳ್ಳುವವನಿಲ್ಲದ ಮರಿಯನ್ನು ಡೀಸೆಲ್ ಸುಟ್ಟು ದಡಕ್ಕೆ ತರುವ ಮೀನುಗಾರ ಯಾರೂ ಇಲ್ಲ. ಜೂನ್ ಮತ್ತು ಜುಲೈ ಪೂರ್ತಿ ಬೋಟುಗಳನ್ನು ದಡದಲ್ಲಿ ನಿಲ್ಲಿಸಲು ನಮ್ಮವರು ಒಪ್ಪಿ ನಡೆಯುತ್ತಿದ್ದಾರೆ. ಅಷ್ಟು ದೊಡ್ಡ ನಷ್ಟವನ್ನು ಸಹಿಸುವವರು, ಬಲೆಯ ತುದಿಚೀಲದ ಕಣ್ಣನ್ನು ಒಂದಿಷ್ಟು ಹಿಗ್ಗಿಸಲು ಒಪ್ಪದಿರಲು ಕಾರಣವಿಲ್ಲ.